ಕಾಡುಕುರಿಯ ಲೆಕ್ಕ, ಅರಿಶಿನದ ಲೆಕ್ಕ

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ರಸ್ತೆಯನ್ನು ನಮ್ಮಲ್ಲಿ ಅನೇಕರು ಬಲ್ಲರು. ನಂಜನಗೂಡು, ಬೇಗೂರುಗಳನ್ನು ದಾಟಿ ಗುಂಡ್ಲುಪೇಟೆಯನ್ನು ಸೇರುವವರೆಗೆ ಇಕ್ಕೆಲಗಳಲ್ಲಿಯೂ ಹೊಲ ತೋಟಗಳು. ಬಾಳೆ, ಅರಿಶಿನ, ಸೂರ್ಯಕಾಂತಿ. ಗುಂಡ್ಲುಪೇಟೆಯನ್ನು ಬಿಟ್ಟು ಸ್ವಲ್ಪ ದೂರ ಹೋದರೆ ಬಂಡೀಪುರದ ಕಾಡು. ಹೊಲದ ಬದುವಿಗೂ ಕಾಡಿನ ಅಂಚಿಗೂ ನಡುವೆ ಕೆಲವು ಕಡೆ ಒಂದು ಕಂದಕದ ಅಂತರವಷ್ಟೆ. ಆದರೆ ಒಂದು ವಿಷಯದಲ್ಲಿ ಈ ಎರಡರ ನಡುವಣ ಅಂತರ ಬಹಳ ದೊಡ್ಡದು. ಹೊಲದ ಅರಿಶಿನವೂ ತೋಟದ ಬಾಳೆಯೂ ತಮ್ಮ ಸಂತತಿಯನ್ನು ಮುಂದುವರಿಸುವ ಬಗೆ ಒಂದು. ಕಾಡಿನ ಜಿಂಕೆ, ಹುಲಿ, ಆನೆಗಳು ಮುಂದುವರಿಸುವ ಬಗೆ ಇನ್ನೊಂದು. ಮೊದಲನೆಯದು ಇದ್ದುದನ್ನು ಇದ್ದಂತೆಯೇ ನಕಲು ಮಾಡುವ ಬಗೆ. ಎರಡನೆಯದು ಇದ್ದುದನ್ನು ಅರ್ಧ ಮಾಡಿ, ಕಲಸಿ, ಹೊಸದಾಗಿ ಹಂಚುವ ಬಗೆ.

ಈ ಎರಡು ಬಗೆಗಳಿಗೂ ಆಧಾರವಾಗಿರುವುದು ಜೀವಕೋಶಗಳು ಒಡೆದು ಎರಡಾಗುವ ಎರಡು ವಿಧಾನಗಳು. ಒಂದರ ಹೆಸರು ಮೈಟೋಸಿಸ್, ಇನ್ನೊಂದರ ಹೆಸರು ಮಿಯೋಸಿಸ್. ಕೇಳುವುದಕ್ಕೆ ಅವಳಿ ಮಕ್ಕಳ ಹೆಸರಿನಂತಿರುವುದರಿಂದ ಓದುವ ಹುಡುಗರು ಇವನ್ನು ಒಂದಕ್ಕೊಂದು ತೊಡಕಿಸಿಕೊಳ್ಳುವುದುಂಟು. ಕನ್ನಡದಲ್ಲಿ ಮೊದಲನೆಯದನ್ನು ಸಮವಿಭಜನೆಯೆಂದೂ ಎರಡನೆಯದನ್ನು ಅರೆವಿಭಜನೆಯೆಂದೂ ಕರೆದುಕೊಂಡರೆ ಗೊಂದಲ ಅರ್ಧ ಕಳೆಯುತ್ತದೆ. ಉಳಿದ ಅರ್ಧವನ್ನು ಕಳೆಯುವುದಕ್ಕೆ ಬಂಡೀಪುರದ ಒಂದು ಸಣ್ಣ ಪ್ರಾಣಿಯೇ ಸಾಕು.

ಆ ಪ್ರಾಣಿ ಕಾಡುಕುರಿ. ಹೆಸರಿನಲ್ಲಿ ಕುರಿಯಿದ್ದರೂ ಅದು ಜಿಂಕೆಯ ಜಾತಿ. ಆಡಿನ ಗಾತ್ರ, ಕೆಂಪು ಬೆರೆತ ಕಂದು ಬಣ್ಣ, ಒಂಟಿಯಾಗಿ ತಿರುಗುವ ಸ್ವಭಾವ. ಹುಲಿಯೋ ಚಿರತೆಯೋ ಹತ್ತಿರ ಬಂದಿತೆಂದರೆ ನಾಯಿಯ ಹಾಗೆ ಬೊಗಳಿ ಕಾಡಿಗೆಲ್ಲ ಸುದ್ದಿ ಕೊಡುತ್ತದೆ. ೧೯೭೦ರಲ್ಲಿ ಅಮೆರಿಕದ ಡೋರಿಸ್ ವರ್ಸ್ಟರ್ ಮತ್ತು ಕರ್ಟ್ ಬೆನಿರ್ಶ್ಕೆ ಎಂಬ ವಿಜ್ಞಾನಿಗಳು ಈ ಜಾತಿಯ ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪ್ರಕಟಿಸಿದ ಸಂಗತಿ ಪ್ರಾಣಿಶಾಸ್ತ್ರಜ್ಞರನ್ನು ಬೆರಗುಗೊಳಿಸಿತು. ಅದೇನೆಂದು ತಿಳಿಯಬೇಕಾದರೆ ಜೀವಕೋಶದೊಳಕ್ಕೆ ಒಮ್ಮೆ ಇಣುಕಬೇಕು.

ಪ್ರಾಣಿಯಾಗಲಿ ಗಿಡವಾಗಲಿ, ಅದರ ಮೈ ಅಸಂಖ್ಯ ಜೀವಕೋಶಗಳಿಂದಾದುದು. ಕೋಶದ ನಡುವಣ ಕೋಶಕೇಂದ್ರದಲ್ಲಿ ನೂಲಿನ ಎಳೆಗಳಂಥ ವಸ್ತುಗಳಿವೆ. ಕೋಶ ಒಡೆಯುವ ಹೊತ್ತಿಗೆ ಅವು ಸುರುಳಿ ಸುತ್ತಿಕೊಂಡು ಗಿಡ್ಡವಾಗಿ ದಪ್ಪವಾಗಿ ಕಣ್ಣಿಗೆ ಕಾಣುತ್ತವೆ. ಬಣ್ಣ ಹಾಕಿದರೆ ಚೆನ್ನಾಗಿ ಹೀರಿಕೊಳ್ಳುವುದರಿಂದ ಅವಕ್ಕೆ ವರ್ಣತಂತುಗಳೆಂದು ಹೆಸರು. ರೋಮದ ಬಣ್ಣ, ಕೊಂಬಿನ ಆಕಾರ, ರಕ್ತದ ಗುಣ ಮೊದಲಾಗಿ ಆ ಜೀವಿಯ ಮೈ ಕಟ್ಟುವುದಕ್ಕೆ ಬೇಕಾದ ಸೂಚನೆಗಳೆಲ್ಲ ಈ ತಂತುಗಳಲ್ಲಿ ಸಾಲಾಗಿ ಅಡಕವಾಗಿವೆ. ಆ ಒಂದೊಂದು ಸೂಚನೆಗೂ ವಂಶವಾಹಿ ಅಥವಾ ಜೀನ್ ಎಂದು ಹೆಸರು.

ವರ್ಣತಂತುಗಳ ಸಂಖ್ಯೆ ಒಂದೊಂದು ಜಾತಿಗೆ ಒಂದೊಂದು. ಮನುಷ್ಯನಿಗೆ ೪೬, ಈ ಲೆಕ್ಕ ಖಚಿತವಾದುದು ೧೯೫೬ರಲ್ಲಿ. ಹುಲಿಗೆ ೩೮, ನಮ್ಮ ಆನೆಗೆ ೫೬. ಹಾಗಾದರೆ ಕಾಡುಕುರಿಗೆ? ಹೆಣ್ಣಿಗೆ ಕೇವಲ ೬, ಗಂಡಿಗೆ ೭! ಇದುವರೆಗೆ ತಿಳಿದಿರುವ ಸಸ್ತನಿಗಳಲ್ಲಿ ಇಷ್ಟು ಕಡಿಮೆ ಸಂಖ್ಯೆ ಮತ್ತಾವುದಕ್ಕೂ ಇಲ್ಲ. ಅದರ ಹತ್ತಿರದ ನೆಂಟನಾದ ಚೀನದ ಕಾಡುಕುರಿಗೆ ೪೬ ಇವೆ. ಹಾಗೆಂದು ನಮ್ಮ ಕಾಡುಕುರಿಗೆ ಸೂಚನೆಗಳು ಕಡಿಮೆಯೆಂದು ತಿಳಿಯಬಾರದು. ಹಿಂದೊಂದು ಕಾಲದಲ್ಲಿ ಬೇರೆ ಬೇರೆಯಾಗಿದ್ದ ತಂತುಗಳು ತುದಿಗೆ ತುದಿ ಸೇರಿ ಉದ್ದವಾಗಿವೆ, ಅಷ್ಟೆ. ಇಪ್ಪತ್ತು ತೆಳು ಪುಸ್ತಕಗಳನ್ನು ಕೂಡಿಸಿ ಮೂರು ದಪ್ಪ ಸಂಪುಟಗಳಾಗಿ ಹೊಲಿಸಿದಂತೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬಹುಕಾಲದಿಂದ ಅಭ್ಯಾಸ ಮಾಡಿರುವ ಎರಡು ಬಗೆಯ ಹಣ್ಣುನೊಣಗಳಲ್ಲಿಯೂ ಇಂಥದೇ ಕೂಡಿಕೆಯನ್ನು ಕಾಣಬಹುದು; ಒಂದಕ್ಕೆ ೮ ತಂತು, ಅದರ ನೆಂಟನಿಗೆ ೬.

ಸಂಖ್ಯೆ ಕಡಿಮೆಯಿರುವುದು ನಮಗೆ ಅನುಕೂಲವೇ ಆಯಿತು. ಲೆಕ್ಕವನ್ನು ಬೆರಳಲ್ಲಿ ಎಣಿಸಬಹುದು. ಹೆಣ್ಣು ಕಾಡುಕುರಿಯ ೬ ತಂತುಗಳೆಂದರೆ ಮೂರು ಜೋಡಿ. ಮೂರು ಸಂಪುಟದ ಒಂದು ಗ್ರಂಥವನ್ನು ನೆನೆದುಕೊಳ್ಳಿ. ಆ ಗ್ರಂಥದ ಎರಡು ಪ್ರತಿಗಳು ಮನೆಯಲ್ಲಿವೆ. ಒಂದು ತಾಯಿಯ ಕಡೆಯಿಂದ ಬಂದುದು, ಇನ್ನೊಂದು ತಂದೆಯ ಕಡೆಯಿಂದ ಬಂದುದು. ವಿಷಯ ಒಂದೇ, ಅಧ್ಯಾಯಗಳ ಕ್ರಮವೂ ಒಂದೇ. ಆದರೆ ಅಲ್ಲಲ್ಲಿ ಪಾಠಾಂತರಗಳಿವೆ. ತಾಯಿಯ ಒಂದನೆಯ ಸಂಪುಟಕ್ಕೆ ತಂದೆಯ ಒಂದನೆಯ ಸಂಪುಟ ಜೊತೆ. ಹಾಗೆಯೇ ಎರಡನೆಯದಕ್ಕೆ ಎರಡನೆಯದು, ಮೂರನೆಯದಕ್ಕೆ ಮೂರನೆಯದು.

ಈಗ ಸಮವಿಭಜನೆಯನ್ನು ನೋಡೋಣ. ಕಾಡುಕುರಿಯ ಮರಿ ಬೆಳೆಯಬೇಕು, ಮುಳ್ಳು ತರಚಿದ ಚರ್ಮ ಮಾಯಬೇಕು, ಸವೆದ ಕೋಶಗಳ ಸ್ಥಾನಕ್ಕೆ ಹೊಸವು ಬರಬೇಕು. ಇದಕ್ಕೆಲ್ಲ ಒಂದು ಕೋಶ ಎರಡಾಗಬೇಕು. ಒಡೆಯುವುದಕ್ಕೆ ಮುಂಚೆ ಕೋಶವು ತನ್ನ ೬ ತಂತುಗಳಲ್ಲಿ ಪ್ರತಿಯೊಂದಕ್ಕೂ ಒಂದೊಂದು ನಕಲನ್ನು ತೆಗೆಯುತ್ತದೆ. ಮೂಲವೂ ನಕಲೂ ನಡುವೆ ಒಂದು ಕಡೆ ಅಂಟಿಕೊಂಡಿರುತ್ತವೆ. ಆಮೇಲೆ ಆರೂ ತಂತುಗಳು ಕೋಶದ ಮಧ್ಯದಲ್ಲಿ ಸಾಲಾಗಿ ನಿಲ್ಲುತ್ತವೆ. ಇಲ್ಲಿ ತಾಯಿಯ ಸಂಪುಟಕ್ಕೂ ತಂದೆಯ ಸಂಪುಟಕ್ಕೂ ಮಾತುಕತೆಯಿಲ್ಲ. ಪ್ರತಿಯೊಂದೂ ತನ್ನಷ್ಟಕ್ಕೆ ತಾನು ನಿಲ್ಲುತ್ತದೆ. ಕೋಶದ ಎರಡು ತುದಿಗಳಿಂದ ಕದಿರಿನ ಆಕಾರದಲ್ಲಿ ಹಬ್ಬಿದ ಎಳೆಗಳು ಮೂಲವನ್ನು ಒಂದು ಕಡೆಗೂ ನಕಲನ್ನು ಇನ್ನೊಂದು ಕಡೆಗೂ ಎಳೆಯುತ್ತವೆ. ನಡುವೆ ಕೋಶ ಸೊಂಟ ಕಟ್ಟಿದಂತಾಗಿ ಎರಡಾಗುತ್ತದೆ. ಎರಡರಲ್ಲಿಯೂ ಆರಾರು ತಂತು. ಎರಡರಲ್ಲಿಯೂ ಅದೇ ಗ್ರಂಥದ ಅವೇ ಎರಡು ಪ್ರತಿ. ಒಂದು ವಿಭಜನೆ, ಎರಡು ಕೋಶ, ವ್ಯತ್ಯಾಸವಿಲ್ಲ. ಜರ್ಮನಿಯ ವಾಲ್ಟರ್ ಫ್ಲೆಮಿಂಗ್ ಎಂಬಾತ ೧೮೮೨ರಲ್ಲಿ ಇದನ್ನು ವಿವರವಾಗಿ ಬರೆದು, ದಾರವೆಂಬ ಅರ್ಥದ ಗ್ರೀಕ್ ಮಾತಿನಿಂದ ಮೈಟೋಸಿಸ್ ಎಂದು ಹೆಸರಿಟ್ಟ.

ಮೈ ಬೆಳೆಯುವುದಕ್ಕೆ ಇದು ಸಾಕು. ಆದರೆ ಮರಿ ಹುಟ್ಟುವುದಕ್ಕೆ ಸಾಲದು. ಏಕೆಂದರೆ ಮರಿಯೆಂದರೆ ತಾಯಿಯ ಅಂಡಾಣುವೂ ತಂದೆಯ ವೀರ್ಯಾಣುವೂ ಕೂಡಿ ಆದದ್ದು. ಅಂಡದಲ್ಲಿ ೬, ವೀರ್ಯದಲ್ಲಿ ೭ ತಂತುಗಳು ಇದ್ದರೆ ಮರಿಗೆ ೧೩ ಆಗಬೇಕು; ಅದರ ಮರಿಗೆ ೨೬; ಮುಂದೆ ೫೨. ಹತ್ತು ತಲೆಮಾರಿನಲ್ಲಿ ಕೋಶದೊಳಗೆ ತಂತುಗಳಿಗೆ ನಿಲ್ಲಲು ಜಾಗವಿರುವುದಿಲ್ಲ. ಹೀಗಾಗದೆ ಸಂಖ್ಯೆ ತಲೆತಲಾಂತರಕ್ಕೂ ಸ್ಥಿರವಾಗಿದೆಯೆಂದ ಮೇಲೆ ಎಲ್ಲಿಯೋ ಒಂದು ಕಡೆ ಅದು ಅರ್ಧವಾಗಲೇಬೇಕೆಂದು ಜರ್ಮನಿಯ ಆಗಸ್ಟ್ ವೈಸ್‌ಮನ್ ೧೮೮೭ರಲ್ಲಿ ತರ್ಕದಿಂದಲೇ ಹೇಳಿದ. ಆತನ ತರ್ಕ ನಿಜವಾಯಿತು. ಹೀಗೆ ಅರ್ಧವಾಗುವ ವಿಭಜನೆಗೆ ೧೯೦೫ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಹೆಸರೇ ಮಿಯೋಸಿಸ್. ಕಡಿಮೆಯಾಗುವುದೆಂದು ಅದರ ಅರ್ಥ. ಪ್ರಾಣಿಗಳ ಮೈಯಲ್ಲಿ ಇದು ಎಲ್ಲೆಡೆ ನಡೆಯುವುದಿಲ್ಲ. ಅಂಡಾಶಯದಲ್ಲಿ ಮತ್ತು ವೃಷಣದಲ್ಲಿ ಮಾತ್ರ. ಹೂ ಬಿಡುವ ಗಿಡಗಳಲ್ಲಿ ಹೂವಿನೊಳಗೆ ಮಾತ್ರ.

ಅರೆವಿಭಜನೆಯೂ ಮೊದಲಿಗೆ ಸಮವಿಭಜನೆಯಂತೆಯೇ ಆರಂಭವಾಗುತ್ತದೆ. ಪ್ರತಿ ತಂತುವಿಗೂ ಒಂದು ನಕಲು ತಯಾರಾಗುತ್ತದೆ. ಆದರೆ ಆಮೇಲೆ ದಾರಿ ಬೇರೆ. ಇಲ್ಲಿ ತಾಯಿಯ ಒಂದನೆಯ ಸಂಪುಟ ತಂದೆಯ ಒಂದನೆಯ ಸಂಪುಟವನ್ನು ಹುಡುಕಿಕೊಂಡು ಹೋಗಿ, ಅದರ ಮಗ್ಗುಲಲ್ಲಿ ಅಧ್ಯಾಯಕ್ಕೆ ಅಧ್ಯಾಯ ಸರಿಹೊಂದುವಂತೆ ಮಲಗುತ್ತದೆ. ಹೀಗೆ ಜೋಡಿ ಕೂಡಿದಾಗ ಒಂದು ವಿಚಿತ್ರ ನಡೆಯುತ್ತದೆ. ಎರಡೂ ತಂತುಗಳು ಒಂದೇ ಜಾಗದಲ್ಲಿ ತುಂಡಾಗಿ, ಇದರ ತುಂಡು ಅದಕ್ಕೂ ಅದರ ತುಂಡು ಇದಕ್ಕೂ ಕೂಡಿಕೊಳ್ಳುತ್ತವೆ. ತಾಯಿಯ ಪುಸ್ತಕದ ಕೆಲವು ಹಾಳೆಗಳು ತಂದೆಯ ಪುಸ್ತಕಕ್ಕೆ ಹೋಗುತ್ತವೆ. ಅಲ್ಲಿಯ ಅದೇ ಹಾಳೆಗಳು ಇಲ್ಲಿಗೆ ಬರುತ್ತವೆ. ಒಂದು ಪುಟವೂ ಕಳೆಯುವುದಿಲ್ಲ, ಒಂದು ಪುಟವೂ ಹೆಚ್ಚುವುದಿಲ್ಲ. ಆದರೂ ಈಗ ಕೈಗೆ ಬಂದ ಪುಸ್ತಕ ತಾಯಿಯದೂ ಅಲ್ಲ, ತಂದೆಯದೂ ಅಲ್ಲ, ಹೊಸದು. ಇದಕ್ಕೆ ಅಡ್ಡಹಾಯುವಿಕೆ ಎನ್ನಬಹುದು.

ಅನಂತರ ಮೊದಲನೆಯ ವಿಭಜನೆ. ಇಲ್ಲಿ ಬೇರೆಯಾಗುವುದು ಮೂಲವೂ ನಕಲೂ ಅಲ್ಲ, ಜೊತೆಗಾರರು. ಪ್ರತಿ ಜೋಡಿಯಲ್ಲಿಯೂ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ. ಆದ್ದರಿಂದ ಎರಡು ಕೋಶಗಳಿಗೂ ಮೂರು ಮೂರು ತಂತುಗಳೇ ಬರುತ್ತವೆ. ತಂತುಗಳಿಗೆ ನಕಲು ಇನ್ನೂ ಅಂಟಿಕೊಂಡೇ ಇರುತ್ತದೆ. ಮತ್ತೆ ನಕಲು ಮಾಡುವ ಗೋಜಿಗೆ ಹೋಗದೆ ಎರಡನೆಯ ವಿಭಜನೆ ನಡೆದು, ಮೂಲವೂ ನಕಲೂ ಬೇರೆಯಾಗುತ್ತವೆ. ಒಟ್ಟಿನಲ್ಲಿ ಒಂದು ಸಲ ನಕಲು, ಎರಡು ಸಲ ವಿಭಜನೆ, ನಾಲ್ಕು ಕೋಶ, ಪ್ರತಿಯೊಂದರಲ್ಲಿಯೂ ೩ ತಂತು. ಗಂಡಿನಲ್ಲಿ ನಾಲ್ಕೂ ವೀರ್ಯಾಣುಗಳಾಗುತ್ತವೆ. ಹೆಣ್ಣಿನಲ್ಲಿ ಆಹಾರದ ಬುತ್ತಿಯನ್ನೆಲ್ಲ ಒಂದೇ ಕೋಶ ಉಳಿಸಿಕೊಂಡು ಅಂಡಾಣುವಾಗುತ್ತದೆ. ಉಳಿದವು ಸಣ್ಣ ಕಣಗಳಾಗಿ ನಶಿಸುತ್ತವೆ.

ಗಂಡು ಕಾಡುಕುರಿಯ ೭ರ ಒಗಟು ಉಳಿಯಿತು. ಸಸ್ತನಿಗಳಲ್ಲಿ ಹೆಣ್ಣು ಗಂಡನ್ನು ನಿರ್ಣಯಿಸುವ ಎಕ್ಸ್, ವೈ ಎಂಬ ಎರಡು ತಂತುಗಳಿವೆ. ಹೆಣ್ಣಿಗೆ ಎರಡು ಎಕ್ಸ್. ಗಂಡಿಗೆ ಒಂದು ಎಕ್ಸ್, ಒಂದು ವೈ. ಕಾಡುಕುರಿಯಲ್ಲಿ ಎಕ್ಸ್ ತಂತು ಬೇರೊಂದು ತಂತುವಿಗೆ ಅಂಟಿಕೊಂಡುಬಿಟ್ಟಿದೆ. ಹೀಗಾಗಿ ಗಂಡಿನಲ್ಲಿ ಎರಡು ಜೋಡಿ ಸರಿಯಾಗಿದ್ದು, ಮೂರನೆಯದು ಮೂವರ ತಂಡ: ಎಕ್ಸ್ ಅಂಟಿದ ಉದ್ದ ತಂತು ಒಂದು ಕಡೆ, ಎಕ್ಸ್ ಅಂಟದ ಅದರ ಜೊತೆಗಾರ ಮತ್ತು ಪುಟ್ಟ ವೈ, ಇವೆರಡೂ ಇನ್ನೊಂದು ಕಡೆ. ಅರೆವಿಭಜನೆಯಲ್ಲಿ ಈ ತಂಡ ಒಡೆದಾಗ ಕೆಲವು ವೀರ್ಯಾಣುಗಳಿಗೆ ೩ ತಂತು, ಕೆಲವಕ್ಕೆ ೪ ತಂತು ಸಿಕ್ಕುತ್ತವೆ. ತಾಯಿಯ ೩ಕ್ಕೆ ತಂದೆಯ ೩ ಸೇರಿದರೆ ೬, ಹೆಣ್ಣು ಮರಿ. ತಾಯಿಯ ೩ಕ್ಕೆ ತಂದೆಯ ೪ ಸೇರಿದರೆ ೭, ಗಂಡು ಮರಿ. ಲೆಕ್ಕ ಎಷ್ಟು ಚೊಕ್ಕಟವಾಗಿ ಮುಗಿಯಿತು, ನೋಡಿ.

ಅರೆವಿಭಜನೆಯ ಕೆಲಸ ಅರ್ಧ ಮಾಡುವುದಕ್ಕೆ ಮುಗಿಯಲಿಲ್ಲ. ಮೂರು ಜೋಡಿಗಳಲ್ಲಿ ಯಾವುದರಲ್ಲಿ ತಾಯಿಯ ಸಂಪುಟ ಯಾವ ಕಡೆಗೆ ಹೋಗಬೇಕೆಂಬುದಕ್ಕೆ ಕಟ್ಟಳೆಯಿಲ್ಲ. ಕಾಸು ಚಿಮ್ಮಿದಂತೆ. ಆದ್ದರಿಂದ ಒಂದು ಕಾಡುಕುರಿಯ ಅಂಡಾಣು ೮ ಬಗೆಯಲ್ಲಿ ಯಾವುದಾದರೂ ಆಗಬಹುದು. ೧೯ ಜೋಡಿಗಳಿರುವ ಹುಲಿಯಲ್ಲಿ ಈ ಲೆಕ್ಕ ೫,೨೪,೨೮೮ ಆಗುತ್ತದೆ. ೨೩ ಜೋಡಿಯ ಮನುಷ್ಯರಲ್ಲಿ ೮೩ ಲಕ್ಷವನ್ನು ಮೀರುತ್ತದೆ. ಹಾಳೆಗಳ ವಿನಿಮಯವನ್ನೂ ಸೇರಿಸಿಕೊಂಡರೆ ಎಣಿಕೆಗೆ ಕೊನೆಯೇ ಇಲ್ಲ. ಒಂದೇ ತಾಯಿತಂದೆಯರ ಮಕ್ಕಳಲ್ಲಿ ಒಬ್ಬಳು ಅಜ್ಜಿಯ ಮೂಗನ್ನೂ ಇನ್ನೊಬ್ಬ ಸೋದರಮಾವನ ಕಿವಿಯನ್ನೂ ಹೊತ್ತು ಬರುವುದು ಈ ಹಂಚಿಕೆಯಿಂದಲೇ.

ಇಷ್ಟು ನಯವಾದ ಕೆಲಸದಲ್ಲಿ ಒಮ್ಮೊಮ್ಮೆ ಎಡವಟ್ಟಾಗುವುದೂ ಸಹಜ. ಸ್ತ್ರೀಯರಲ್ಲಿ ಅಂಡಾಣುವಿನ ಅರೆವಿಭಜನೆ ತಾನು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾಗಿ, ನಡುವೆ ನಿಂತುಬಿಡುತ್ತದೆ. ಮುಂದೆ ಹತ್ತಾರು ವರ್ಷಗಳ ಅನಂತರ ಒಂದೊಂದಾಗಿ ಅಂಡಾಣುಗಳು ಬಲಿಯುವಾಗ ಅದು ಮುಂದುವರಿಯುತ್ತದೆ. ಪೂರ್ತಿಯಾಗುವುದು ವೀರ್ಯಾಣು ಒಳಹೊಕ್ಕ ಮೇಲೆಯೇ. ಇಷ್ಟು ದೀರ್ಘಕಾಲ ಕಾದ ಜೋಡಿಗಳಲ್ಲಿ ಒಂದು ಬೇರೆಯಾಗದೆ ಒಟ್ಟಿಗೇ ಅಂಡಕ್ಕೆ ಹೋದರೆ ಮಗುವಿಗೆ ಒಂದು ತಂತು ಹೆಚ್ಚಾಗುತ್ತದೆ. ೨೧ನೆಯ ತಂತು ಹೀಗೆ ಮೂರಾಗುವುದರಿಂದಲೇ ಡೌನ್ ಸಿಂಡ್ರೋಮ್ ಉಂಟಾಗುತ್ತದೆಂಬುದು ೧೯೫೯ರಲ್ಲಿ ಪ್ರಕಟವಾಯಿತು. ತಾಯಿಯ ವಯಸ್ಸು ಹೆಚ್ಚಿದಂತೆ ಇದರ ಸಂಭವ ಹೆಚ್ಚುವುದಕ್ಕೂ ಈ ಕಾಯುವಿಕೆಗೂ ಸಂಬಂಧವುಂಟು. ಇದರಲ್ಲಿ ತಾಯಿಯ ನಡತೆಯದಾಗಲಿ, ಗ್ರಹಣದ್ದಾಗಲಿ, ಯಾರ ದೃಷ್ಟಿಯದಾಗಲಿ ತಪ್ಪೇನೂ ಇಲ್ಲ.

ಜೊತೆಗಾರರೇ ಇಲ್ಲದಿದ್ದರೆ ಏನಾಗುತ್ತದೆ? ಕುದುರೆಗೆ ೬೪ ತಂತು, ಕತ್ತೆಗೆ ೬೨. ಇವೆರಡರ ಮರಿಯಾದ ಹೇಸರಗತ್ತೆಗೆ ೬೩. ಅದರ ಮೈ ಕಟ್ಟುವ ಸಮವಿಭಜನೆಗೆ ಯಾವ ಅಡ್ಡಿಯೂ ಇಲ್ಲ; ಅಲ್ಲಿ ತಂತುಗಳು ಜೋಡಿಯನ್ನು ಹುಡುಕುವುದೇ ಇಲ್ಲವಲ್ಲ. ಆದ್ದರಿಂದಲೇ ಹೇಸರಗತ್ತೆ ಗಟ್ಟಿಮುಟ್ಟಾಗಿ ಬೆಳೆದು ಹೊರೆ ಹೊರುತ್ತದೆ. ಆದರೆ ಅರೆವಿಭಜನೆಯ ಹೊತ್ತಿಗೆ ಕುದುರೆಯ ತಂತುಗಳಿಗೂ ಕತ್ತೆಯ ತಂತುಗಳಿಗೂ ಸರಿಯಾದ ಹೊಂದಿಕೆಯಾಗದೆ ಕೆಲಸ ಕೆಡುತ್ತದೆ. ಹೇಸರಗತ್ತೆಗೆ ಮರಿಯಾಗುವುದು ಅತಿ ಅಪರೂಪ.

ಇನ್ನು ಗುಂಡ್ಲುಪೇಟೆಯ ಹೊಲಕ್ಕೆ ಬರೋಣ. ಅಲ್ಲಿಯ ಅರಿಶಿನದ ಗಿಡಕ್ಕೂ ಸಾಮಾನ್ಯವಾಗಿ ೬೩ ತಂತುಗಳೇ! ಹೇಸರಗತ್ತೆಯ ಸಂಖ್ಯೆಯೊಡನೆ ಇದು ತಾಳೆಯಾಗುವುದು ಬರಿಯ ಆಕಸ್ಮಿಕ. ಆದರೆ ಕಷ್ಟ ಇಬ್ಬರದೂ ಒಂದೇ ಬಗೆಯದು. ಅರಿಶಿನದಲ್ಲಿ ೨೧ರ ಮೂರು ಗುಂಪುಗಳಿವೆ. ಗ್ರಂಥದ ಎರಡು ಪ್ರತಿಗಳ ಬದಲು ಮೂರು ಪ್ರತಿ. ಇಬ್ಬರು ಕೂಡಿದರೆ ಒಬ್ಬ ಹೊರಗುಳಿಯುತ್ತಾನೆ. ಅರೆವಿಭಜನೆಯಲ್ಲಿ ಆ ಮೂರನೆಯವನು ಎತ್ತ ಹೋಗಬೇಕೆಂಬುದು ತೀರ್ಮಾನವಾಗದೆ ಹಂಚಿಕೆ ಏರುಪೇರಾಗುತ್ತದೆ. ಅರಿಶಿನದ ಗಿಡ ಎಲೆಗಳ ನಡುವೆ ಅಂದವಾದ ಹೂಗೊಂಚಲನ್ನು ಬಿಡುವುದನ್ನು ರೈತರೆಲ್ಲ ಬಲ್ಲರು. ಅದರಲ್ಲಿ ಬೀಜ ಕಟ್ಟಿದ್ದನ್ನು ಕಂಡವರು ವಿರಳ. ರೈತರು ಬಿತ್ತನೆಗೆಂದು ಎತ್ತಿಟ್ಟುದನ್ನು ಬೀಜವೆಂದು ಕರೆಯುವುದುಂಟು. ಆದರೆ ಅದು ನಿಜವಾಗಿ ಗೆಡ್ಡೆಯ ತುಂಡು, ಹಳೆಯ ಗಿಡದ ಮೈಯ ಒಂದು ಭಾಗ. ಅದರಿಂದ ಏಳುವ ಹೊಸ ಗಿಡ ಮಗನಲ್ಲ, ಮಗಳಲ್ಲ. ಅದೇ ಗಿಡ, ಸಮವಿಭಜನೆಯಿಂದ ಮುಂದುವರಿದದ್ದು.

ಬಾಳೆಯದೂ ಇದೇ ಕಥೆ. ನಾವು ತಿನ್ನುವ ಬಹುಪಾಲು ಬಾಳೆಹಣ್ಣುಗಳಲ್ಲಿ ೧೧ ತಂತುಗಳ ಮೂರು ಗುಂಪು, ಒಟ್ಟು ೩೩. ಬೀಜವಿಲ್ಲದ ಮೆತ್ತನೆಯ ಹಣ್ಣು ನಮಗೆ ದೊರೆಯುವುದಕ್ಕೆ ಇದೂ ಒಂದು ಕಾರಣ. ನಂಜನಗೂಡಿನ ರಸಬಾಳೆ ಈ ಬಗೆಯದು. ತೆಳುಸಿಪ್ಪೆಯ, ಕಂಪಿನ ಆ ಹಣ್ಣಿಗಾಗಿ ದೇವರಸನಹಳ್ಳಿಯ ಸುತ್ತಣ ತೋಟಗಳು ಒಂದು ಕಾಲಕ್ಕೆ ಹೆಸರಾಗಿದ್ದುವು. ಕಂದು ಕಿತ್ತು ನೆಟ್ಟರೆ ಅದೇ ರುಚಿ, ಅದೇ ಕಂಪು. ಸಮವಿಭಜನೆಯ ವರವೆಂದರೆ ಇದೇ. ಒಮ್ಮೆ ಒಳ್ಳೆಯ ಗಿಡ ಸಿಕ್ಕಿದರೆ ಅದನ್ನು ಹಾಗೆಯೇ ತಲೆಮಾರುಗಳವರೆಗೆ ಉಳಿಸಿಕೊಳ್ಳಬಹುದು.

ಆದರೆ ವರದ ಮಗ್ಗುಲಲ್ಲಿಯೇ ಶಾಪವೂ ಇದೆ. ಪನಾಮಾ ಸೊರಗು ರೋಗವೆಂಬ ಬೂಷ್ಟಿನ ರೋಗವುಂಟು. ಮಣ್ಣಿನಲ್ಲಿದ್ದು ಬೇರಿನ ಮೂಲಕ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿ, ಗಿಡವನ್ನು ಹಳದಿಯಾಗಿಸಿ ಸೊರಗಿಸುತ್ತದೆ. ಮಣ್ಣಿಗೆ ಒಮ್ಮೆ ಬಂದರೆ ವರ್ಷಾನುಗಟ್ಟಲೆ ಬಿಡುವುದಿಲ್ಲ. ರಸಬಾಳೆಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಒಂದು ಗಿಡಕ್ಕಿಲ್ಲವೆಂದರೆ ತೋಟದಲ್ಲಿ ಯಾವ ಗಿಡಕ್ಕೂ ಇಲ್ಲ. ಏಕೆಂದರೆ ಎಲ್ಲವೂ ಒಂದೇ ಗ್ರಂಥದ ನಕಲು. ಬೀಜದಿಂದ ಹುಟ್ಟಿದ ಬೆಳೆಯಾಗಿದ್ದರೆ ನೂರರಲ್ಲಿ ಎರಡೋ ಮೂರೋ ಬೇರೆ ಹಂಚಿಕೆಯ ಗಿಡಗಳು ರೋಗಕ್ಕೆ ಎದುರಾಗಿ ನಿಲ್ಲಬಹುದಾಗಿತ್ತು. ಇಲ್ಲಿ ಆ ಅವಕಾಶವೇ ಇಲ್ಲ. ತೋಟಗಳು ಒಂದೊಂದಾಗಿ ಸೊರಗಿ, ರಸಬಾಳೆ ತನ್ನ ಊರಿನಲ್ಲಿಯೇ ಅಪರೂಪದ ಹಣ್ಣಾಯಿತು. ದೂರದ ಮಧ್ಯ ಅಮೆರಿಕದಲ್ಲಿ ಗ್ರಾಸ್ ಮಿಷೆಲ್ ಎಂಬ ಬಾಳೆ ಇದೇ ರೋಗಕ್ಕೆ ತುತ್ತಾಗಿ, ೧೯೬೦ರ ಸುಮಾರಿಗೆ ಪೇಟೆಯಿಂದ ಮರೆಯಾಯಿತು. ಅದರ ಬದಲಿಗೆ ಬಂದ ಕ್ಯಾವೆಂಡಿಷ್ ಬಾಳೆಯೂ ನಕಲಿನ ಬೆಳೆಯೇ. ಅದೇ ಬೂಷ್ಟಿನ ಹೊಸದೊಂದು ಬಗೆ ಈಗ ಅದನ್ನೂ ಕಾಡುತ್ತಿದೆ.

ಕಾಡಿನಲ್ಲಿ ಹಂಚಿಕೆ ಪ್ರತಿ ತಲೆಮಾರಿಗೂ ಹೊಸದಾಗಿ ನಡೆಯುತ್ತಿರುವುದರಿಂದ ಅಲ್ಲಿಯ ಪ್ರಾಣಿಗಳಿಗೆ ಭಯವಿಲ್ಲವೆಂದು ಹೇಳಬಹುದೆ? ಹಾಗೆ ಹೇಳುವಂತಿಲ್ಲ. ಅರೆವಿಭಜನೆ ಇದ್ದುದನ್ನು ಕಲಸುತ್ತದೆಯೇ ಹೊರತು ಇಲ್ಲದುದನ್ನು ತರುವುದಿಲ್ಲ. ಹಂಚುವುದಕ್ಕೆ ಎರಡು ಪ್ರತಿಗಳಲ್ಲಿಯೂ ಪಾಠಾಂತರಗಳಿರಬೇಕು; ಅಂದರೆ ತಾಯಿಯೂ ತಂದೆಯೂ ಹತ್ತಿರದ ರಕ್ತಸಂಬಂಧಿಗಳಾಗಿರಬಾರದು. ಒಡಿಶಾದ ಸಿಮ್ಲಿಪಾಲ್ ಕಾಡಿನ ಹುಲಿಗಳು ಇತರ ಹುಲಿಗಳ ಸಂಪರ್ಕವಿಲ್ಲದೆ ಒಂಟಿಯಾಗಿವೆ. ಅಲ್ಲಿ ಪಟ್ಟೆಗಳು ಅಗಲವಾಗಿ ಹರಡಿ ಮೈಯೆಲ್ಲ ಕಪ್ಪಾದ ಹುಲಿಗಳು ಕಾಣಿಸಿಕೊಂಡಿವೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ೨೦೨೧ರಲ್ಲಿ ಇದರ ಕಾರಣವನ್ನು ಪ್ರಕಟಿಸಿದರು. ಒಂದು ವಂಶವಾಹಿಯ ಅಪರೂಪದ ರೂಪಾಂತರ ತಾಯಿಯಿಂದ ಒಂದು, ತಂದೆಯಿಂದ ಒಂದು ಸಿಕ್ಕಿದಾಗ ಮಾತ್ರ ಮರಿ ಕಪ್ಪಾಗುತ್ತದೆ. ಸಣ್ಣ ಬಳಗದಲ್ಲಿಯೇ ಸಂಬಂಧಗಳು ಸುತ್ತಿದರೆ ಅಪರೂಪವಾದುದು ಅಪರೂಪವಾಗಿ ಉಳಿಯುವುದಿಲ್ಲ. ಬಣ್ಣಕ್ಕೆ ಆದುದು ಕೇಡಿನ ಗುಣಕ್ಕೂ ಆಗಬಹುದು.

ಬಂಡೀಪುರದ ಭಾಗ್ಯವೆಂದರೆ ಅದು ಒಂಟಿ ಕಾಡಲ್ಲ. ನಾಗರಹೊಳೆ, ವಯನಾಡು, ಮುದುಮಲೈಗಳೊಡನೆ ಬೆಸೆದುಕೊಂಡಿದೆ. ೧೯೭೩ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಒಂದು ಗಂಡುಹುಲಿ ಇಲ್ಲಿಂದ ಅಲ್ಲಿಗೆ ನಡೆದು ಹೋಯಿತೆಂದರೆ ಬೇರೊಂದು ಬಳಗದ ಗ್ರಂಥ ಆ ಕಾಡಿಗೆ ಹೋದಂತೆ. ನಡುವೆ ರಸ್ತೆ, ಬೇಲಿ, ಕಟ್ಟಡಗಳು ಎದ್ದು ದಾರಿ ಕಡಿದುಹೋದರೆ ಹುಲಿಗಳು ಕೂಡಲೇ ಸಾಯುವುದಿಲ್ಲ. ಮರಿಗಳು ಹುಟ್ಟುತ್ತಲೇ ಇರುತ್ತವೆ. ಆದರೆ ಹಂಚಿಕೆಗೆ ಬರುವ ಪಾಠಾಂತರಗಳು ತಲೆಮಾರಿನಿಂದ ತಲೆಮಾರಿಗೆ ಕರಗುತ್ತವೆ. ೨೦೦೯ರಲ್ಲಿ ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗಿನ ೬ರವರೆಗೆ ವಾಹನ ಸಂಚಾರಕ್ಕೆ ತಂದ ನಿರ್ಬಂಧವನ್ನು ಪ್ರಯಾಣಿಕರಿಗೆ ತೊಂದರೆಯೆಂದು ಮಾತ್ರ ನೋಡುವವರಿದ್ದಾರೆ. ಕತ್ತಲಲ್ಲಿ ರಸ್ತೆ ದಾಟುವ ಪ್ರಾಣಿಯ ಜೀವವನ್ನು ಉಳಿಸುವುದರ ಜೊತೆಗೆ, ಅದರ ಮೈಯಲ್ಲಿ ಸಾಗುತ್ತಿರುವ ಅರ್ಧ ಗ್ರಂಥವನ್ನೂ ಅದು ಆಚೆಯ ದಡ ಮುಟ್ಟಿಸುತ್ತದೆ.

ಹೊಲದಲ್ಲಿಯೂ ಮಾಡಬಹುದಾದುದುಂಟು. ನಕಲಿನ ಬೆಳೆಯನ್ನು ಬೆಳೆಯುವ ರೈತ ರೋಗದ ತೋಟದಿಂದ ಕಂದನ್ನಾಗಲಿ ಗೆಡ್ಡೆಯನ್ನಾಗಲಿ ತರಬಾರದು. ಪ್ರಯೋಗಶಾಲೆಯಲ್ಲಿ ಅಂಗಾಂಶದಿಂದ ಬೆಳೆಸಿದ ಸಸಿಗಳು ಶುದ್ಧವಾಗಿರುತ್ತವೆ; ಆದರೆ ಅವೂ ಸಮವಿಭಜನೆಯ ಕೂಸುಗಳೇ ಆದುದರಿಂದ ಮಣ್ಣಿನಲ್ಲಿ ರೋಗವಿದ್ದರೆ ಅವಕ್ಕೂ ರಕ್ಷೆಯಿಲ್ಲ. ಒಂದೇ ಜಾತಿಯನ್ನು ಎಕರೆಗಟ್ಟಲೆ ಹಾಕುವುದಕ್ಕಿಂತ ಪಕ್ಕದಲ್ಲಿ ಬೇರೆ ಜಾತಿಗಳನ್ನೂ ಇಟ್ಟುಕೊಳ್ಳುವುದು ಜಾಣತನ. ಹಿತ್ತಲಲ್ಲಿ ಒಂದೆರಡು ಹಳೆಯ ಬಾಳೆಯ ಬುಡಗಳನ್ನು ಉಳಿಸಿಕೊಂಡು ಬಂದಿರುವ ಮನೆಯವರು ಅದನ್ನು ಕಿತ್ತೆಸೆಯದಿರಲಿ. ಅಂಗಡಿಯಲ್ಲಿ ಸಿಕ್ಕದ ಒಂದು ಪಾಠಾಂತರ ಆ ಬುಡದಲ್ಲಿ ಉಳಿದಿರಬಹುದು.